ಹೊರಡುವ ಮುನ್ನ ಒಮ್ಮೆ ನೋಡಿ ಬನ್ನಿ: ಮಂಗಳೂರು ತೀರದ ಅಪರೂಪದ ಅತಿಥಿಗಳು

ಶಿವರಾತ್ರಿ ಕಳೆದದ್ದೇ ತಡ, ಮಂಗಳೂರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಎಂತ ಸೆಕೆ ಮಾರಾಯ್ರೆ!" ಆಫೀಸಿನಲ್ಲಿ ಎ.ಸಿ., ಮನೆಯಲ್ಲಿ ಫ್ಯಾನು, ಭಾನುವಾರ ಸಂಜೆ ಪಣಂಬೂರು ಬೀಚಿನಲ್ಲಿ ಒಂದು ಐಸ್‌ಕ್ರೀಮು. ನಮ್ಮ ಪಾಲಿನ ವಸಂತ ಅಷ್ಟೇ.

ಆದರೆ ಇದೇ ಹೊತ್ತಿಗೆ ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಕೂಡಿ ಸಮುದ್ರ ಸೇರುವ ಅಳಿವೆಯ ಆಸುಪಾಸಿನಲ್ಲಿ ಬೇರೆಯೇ ಒಂದು ಗಡಿಬಿಡಿ ಶುರುವಾಗಿರುತ್ತದೆ. ಸೈಬೀರಿಯಾ, ಮಧ್ಯ ಏಷ್ಯಾ, ಟಿಬೆಟ್, ಲಡಾಖ್ ಕಡೆಯಿಂದ ಚಳಿಗಾಲಕ್ಕೆಂದು ಬಂದ ಹಕ್ಕಿಗಳು ವಾಪಸ್ ಊರಿಗೆ ಹೊರಡುವ ತಯಾರಿಯಲ್ಲಿರುತ್ತವೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ಕರಾವಳಿಯ ಮರಳು ದಿಬ್ಬಗಳು ಒಂಥರಾ ರೈಲ್ವೆ ಪ್ಲಾಟ್‌ಫಾರ್ಮ್ ಇದ್ದ ಹಾಗೆ. ದಿನಾ ಹೊಸ ಮುಖಗಳು, ದಿನಾ ಖಾಲಿಯಾಗುವ ಜಾಗಗಳು.

ಹಕ್ಕಿ ನೋಡುವವರ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ "ಲೊಕೇಶನ್ ಕಳ್ಸಿ ಪ್ಲೀಸ್" ಎಂಬ ಮೆಸೇಜು ಹೆಚ್ಚಾಗುವುದೂ ಈ ದಿನಗಳಲ್ಲೇ. ಯಾರೋ ಒಬ್ಬರಿಗೆ ಕೆಂಪು ಕೊಕ್ಕಿನ, ಕಪ್ಪು-ಬಿಳಿ ಮೈಯ ಆಯ್ಸ್ಟರ್‌ಕ್ಯಾಚರ್ ಕಂಡಿರುತ್ತದೆ. ಇನ್ಯಾರೋ ಗ್ರೇಟ್ ನಾಟ್ ಇರಬಹುದು ಅಂತ ಮಸುಕು ಫೋಟೋ ಹಾಕಿರುತ್ತಾರೆ. ಹತ್ತು ನಿಮಿಷದಲ್ಲಿ ನಲವತ್ತು ಮೆಸೇಜು!

ಆ ಖುಷಿಯಲ್ಲಿ ತಪ್ಪೇನಿಲ್ಲ. ಆದರೆ "ಅಪರೂಪ" ಅಂದರೆ ಏನು, ಆ ಹಕ್ಕಿಗೆ ಈ ದಿನಗಳಲ್ಲಿ ನಮ್ಮಿಂದ ಬೇಕಾದದ್ದು ಏನು ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಂಡು ಹೊರಟರೆ, ನೋಡುವ ಖುಷಿ ಇನ್ನೂ ಜಾಸ್ತಿಯಾಗುತ್ತದೆ.

ಈ ಕಾಲದಲ್ಲೇ ಯಾಕೆ?

ಚಳಿಗಾಲದಲ್ಲೂ ಹಕ್ಕಿಗಳು ಇರುತ್ತವಲ್ಲ, ಮಾರ್ಚ್‌ನಲ್ಲಿ ಏನು ವಿಶೇಷ ಎಂದು ಕೇಳಬಹುದು. ಕಾರಣ ಎರಡು.

ಒಂದು, ದಾರಿಹೋಕರು. ವಲಸೆ ಹಕ್ಕಿಗಳ ಆಕಾಶದ ಹೆದ್ದಾರಿಗಳಲ್ಲಿ ನಮ್ಮದು "ಮಧ್ಯ ಏಷ್ಯಾ ಪಥ". ಆರ್ಕ್‌ಟಿಕ್‌ನಿಂದ ಹಿಂದೂ ಮಹಾಸಾಗರದವರೆಗೆ 30 ದೇಶಗಳ ಮೇಲೆ ಹಾದುಹೋಗುವ ದಾರಿ ಇದು. ಕೇರಳ, ಶ್ರೀಲಂಕಾ, ಮಾಲ್ಡೀವ್ಸ್ ಕಡೆ ಚಳಿಗಾಲ ಕಳೆದ ಹಕ್ಕಿಗಳಲ್ಲಿ ಒಂದಷ್ಟು ಉತ್ತರಕ್ಕೆ ಮರಳುವಾಗ ನಮ್ಮ ತೀರದಲ್ಲಿ ಇಳಿದು, ಹೊಟ್ಟೆ ತುಂಬಿಸಿಕೊಂಡು ಮುಂದೆ ಹೋಗುತ್ತವೆ. ಡಿಸೆಂಬರ್‌ನಲ್ಲಿ ಇಲ್ಲದ ಹಕ್ಕಿ ಮಾರ್ಚ್‌ನಲ್ಲಿ ಎರಡೇ ದಿನ ಕಂಡು ಮಾಯವಾಗುವುದು ಹೀಗೆ.

ಎರಡು, ಹೊಸ ಬಟ್ಟೆ. ಚಳಿಗಾಲದಲ್ಲಿ ತೀರದ ಹಕ್ಕಿಗಳೆಲ್ಲ ಬೂದು, ಕಂದು, ಬಿಳಿ. ಹೊಸಬರಿಗೆ ಎಲ್ಲವೂ ಒಂದೇ ತರ. "ಅದೂ ಇದೂ ಒಂದೇ ಅಲ್ವಾ?" ಅಂತ ಅನ್ನಿಸಿದರೆ ನಿಮ್ಮ ಕಣ್ಣಿನ ತಪ್ಪಲ್ಲ. ಆದರೆ ಊರಿಗೆ ಹೋಗುವ ಮುಂಚೆ ಇವು ಗರಿ ಬದಲಿಸಿ ಮದುವೆಯ ಉಡುಪು ತೊಡುತ್ತವೆ. ಪುಟ್ಟ ಸ್ಯಾಂಡ್ ಪ್ಲವರ್‌ನ ಎದೆಗೆ ಇಟ್ಟಿಗೆ ಬಣ್ಣ ಬರುತ್ತದೆ. ಕರ್ಲ್ಯೂ ಸ್ಯಾಂಡ್‌ಪೈಪರ್ ಮುಖದಿಂದ ಹೊಟ್ಟೆಯವರೆಗೆ ತಾಮ್ರಗೆಂಪಾಗುತ್ತದೆ. ಗೋಲ್ಡನ್ ಪ್ಲವರ್‌ನ ಹೊಟ್ಟೆ ಕಪ್ಪಾಗುತ್ತಾ ಬರುತ್ತದೆ. ಪಲ್ಲಾಸ್ ಗಲ್ ಎಂಬ ದೊಡ್ಡ ಕಡಲ ಹಕ್ಕಿ ತಲೆಗೆ ಕಪ್ಪು ಮುಸುಕು ಹಾಕಿಕೊಂಡು, ಗಲ್‌ಗಳ ಗುಂಪಿನಲ್ಲಿ ಊರ ಗುರಿಕಾರನ ಗತ್ತಿನಲ್ಲಿ ನಿಲ್ಲುತ್ತದೆ.

ಅಂದರೆ ಹಕ್ಕಿ ಗುರುತಿಸಲು ಕಲಿಯುವವರಿಗೆ ಪರೀಕ್ಷೆ ಸ್ವಲ್ಪ ಸುಲಭವಾಗುವ ಕಾಲ ಇದು. ಕೆಲವು ಅರ್ಧ ಬದಲಾದ ಉಡುಪಿನಲ್ಲಿ ಇದ್ದು ತಲೆ ಕೆಡಿಸುವುದೂ ಉಂಟು, ಅದು ಬೇರೆ ಮಾತು.

ಅಪರೂಪದಲ್ಲೂ ಎರಡು ಬಗೆ

ನಾವು ಸಾಮಾನ್ಯವಾಗಿ ಅಪರೂಪ ಅನ್ನುವುದು "ಇಲ್ಲಿ ಅಪರೂಪ" ಎಂಬ ಅರ್ಥದಲ್ಲಿ. ಆಯ್ಸ್ಟರ್‌ಕ್ಯಾಚರ್, ಗ್ರೇಟ್ ನಾಟ್, ಬಾರ್-ಟೇಲ್ಡ್ ಗಾಡ್ವಿಟ್, ಕಪ್ಪು-ಬಿಳಿ ಮೈಯ ಕ್ರ್ಯಾಬ್ ಪ್ಲವರ್ ಇವೆಲ್ಲ ಕರ್ನಾಟಕ ಕರಾವಳಿಯಲ್ಲಿ ಅಪರೂಪಕ್ಕೆ ಕಾಣುವವು. ಕಂಡರೆ ಅದು ಸುದ್ದಿ.

ಇನ್ನೊಂದು ಬಗೆ ಇದೆ. ಅದು ಸುದ್ದಿಯಾಗುವುದಿಲ್ಲ. ನಮ್ಮ ಕಣ್ಣೆದುರೇ "ಮಾಮೂಲಿ" ಅನ್ನಿಸಿಕೊಂಡು ಓಡಾಡುತ್ತಿರುವ ಹಕ್ಕಿ, ಜಗತ್ತಿನಲ್ಲಿ ಒಟ್ಟಾರೆ ಕಡಿಮೆಯಾಗುತ್ತಾ ಹೋಗುವುದು.

2024ರ ಅಕ್ಟೋಬರ್‌ನಲ್ಲಿ ಐಯುಸಿಎನ್ ಕೆಂಪು ಪಟ್ಟಿಯನ್ನು ಪರಿಷ್ಕರಿಸಿದಾಗ, ತೀರದ ವಲಸೆ ಹಕ್ಕಿಗಳ 16 ಜಾತಿಗಳನ್ನು ಮೊದಲಿಗಿಂತ ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಲಾಯಿತು. ಅದರಲ್ಲಿ ನಮ್ಮ ತೀರಕ್ಕೆ ಬರುವ ಗ್ರೇ ಪ್ಲವರ್ ಇದೆ, ಕರ್ಲ್ಯೂ ಸ್ಯಾಂಡ್‌ಪೈಪರ್ ಇದೆ, ಬ್ರಾಡ್-ಬಿಲ್ಡ್ ಸ್ಯಾಂಡ್‌ಪೈಪರ್ ಇದೆ. ಮೂರೂ ಈಗ "ಅಪಾಯಕ್ಕೆ ಈಡಾಗಬಲ್ಲ" ವರ್ಗದಲ್ಲಿವೆ. ಕಲ್ಲು ಮಗುಚಿ ಹುಳ ಹುಡುಕುವ ರಡ್ಡಿ ಟರ್ನ್‌ಸ್ಟೋನ್ ಕೂಡ "ಅಪಾಯದ ಅಂಚಿಗೆ" ಬಂದಿದೆ. ನಮ್ಮ ದೇಶದ್ದೇ ಲೆಕ್ಕ ಬೇಕೆಂದರೆ, 30 ಸಾವಿರಕ್ಕೂ ಹೆಚ್ಚು ಹಕ್ಕಿ ವೀಕ್ಷಕರ ದಾಖಲೆಗಳನ್ನು ಕಲೆಹಾಕಿ 942 ಜಾತಿಗಳನ್ನು ಪರಿಶೀಲಿಸಿದ 2023ರ "ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್" ವರದಿಯೂ, ಹೆಚ್ಚು ಇಳಿಮುಖವಾಗಿರುವ ಗುಂಪುಗಳಲ್ಲಿ ತೀರದ ವಲಸೆ ಹಕ್ಕಿಗಳನ್ನು ಸೇರಿಸಿದೆ.

ಮಾಮೂಲಿ ಅಂದುಕೊಂಡದ್ದು ಕೈಜಾರುವುದು ಹೇಗೆ ಎಂಬುದಕ್ಕೆ ಒಂದು ಕಹಿ ಉದಾಹರಣೆ ಇದೆ. ಸ್ಲೆಂಡರ್-ಬಿಲ್ಡ್ ಕರ್ಲ್ಯೂ ಎಂಬ ಹಕ್ಕಿ ಸೈಬೀರಿಯಾ ಕಡೆಯಿಂದ ಮೆಡಿಟರೇನಿಯನ್ ತೀರಕ್ಕೆ ವಲಸೆ ಹೋಗುತ್ತಿತ್ತು. ಅದರ ಕೊನೆಯ ಖಚಿತ ದರ್ಶನ 1995ರಲ್ಲಿ, ಮೊರೊಕ್ಕೊದಲ್ಲಿ. ಆಮೇಲೆ ಹುಡುಕಾಟ ವರ್ಷಗಟ್ಟಲೆ ನಡೆಯಿತು. 2025ರಲ್ಲಿ ಅದನ್ನು ಅಳಿದುಹೋದ ಜಾತಿ ಎಂದು ಘೋಷಿಸಲಾಯಿತು. ಅದರ ಹತ್ತಿರದ ಬಂಧು, ಬಿಲ್ಲಿನಂತೆ ಬಾಗಿದ ಉದ್ದ ಕೊಕ್ಕಿನ ಯುರೇಷ್ಯನ್ ಕರ್ಲ್ಯೂ, ಇವತ್ತೂ ನಮ್ಮ ಅಳಿವೆಗಳಿಗೆ ಬರುತ್ತದೆ. ಅದೂ ಅಪಾಯದ ಅಂಚಿನಲ್ಲಿರುವ ಹಕ್ಕಿಯೇ.

ಹಾಗಾಗಿ "ಇವತ್ತು ಸ್ಪೆಷಲ್ ಏನೂ ಸಿಗ್ಲಿಲ್ಲ, ಬರೀ ಪ್ಲವರ್" ಅಂತ ಹೇಳುವ ಮುಂಚೆ ಒಂದು ಕ್ಷಣ ಯೋಚಿಸಬೇಕು. ಆ ಬರೀ ಪ್ಲವರ್‌ಗಳ ಲೆಕ್ಕ ಇಟ್ಟವರಿಂದಲೇ ಅವು ಕಡಿಮೆಯಾಗುತ್ತಿವೆ ಎಂಬುದು ಗೊತ್ತಾದದ್ದು. ಇನ್ನೊಂದು ವಿಷಯ: ಮಾಮೂಲಿ ಹಕ್ಕಿಯ ಪರಿಚಯ ಚೆನ್ನಾಗಿ ಇದ್ದವರಿಗೆ ಮಾತ್ರ ಅಪರೂಪದ್ದು ಕಣ್ಣಿಗೆ ಬೀಳುತ್ತದೆ. ನೂರು ಸ್ಯಾಂಡ್ ಪ್ಲವರ್‌ಗಳ ನಡುವೆ ಒಂದು ಬೇರೆ ತರ ಇದೆ ಎಂದು ಗೊತ್ತಾಗಬೇಕಾದರೆ, ಆ ನೂರನ್ನೂ ಮೊದಲು ನೋಡಿರಬೇಕಲ್ಲ!

ಮರಳು ದಿಬ್ಬ ಎಂಬ ಪೆಟ್ರೋಲ್ ಬಂಕ್

ಇಷ್ಟು ಸಣ್ಣ ಹಕ್ಕಿಗಳು ಅಷ್ಟು ದೂರ ಹೋಗುವುದಾದರೂ ಹೇಗೆ? ಉತ್ತರ ಒಂದೇ: ಕೊಬ್ಬು.

2022ರ ಅಕ್ಟೋಬರ್‌ನಲ್ಲಿ ಸುಮಾರು ಐದು ತಿಂಗಳ ಒಂದು ಬಾರ್-ಟೇಲ್ಡ್ ಗಾಡ್ವಿಟ್ ಅಲಾಸ್ಕಾದಿಂದ ಹೊರಟು ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಇಳಿಯಿತು. 11 ದಿನ, 13,560 ಕಿಲೋಮೀಟರ್, ನಡುವೆ ಎಲ್ಲೂ ನಿಲ್ಲಲಿಲ್ಲ. ಊಟ ಇಲ್ಲ, ನೀರಿಲ್ಲ. ಅದರ ಬೆನ್ನಿಗೆ ಕಟ್ಟಿದ್ದ ಉಪಗ್ರಹ ಟ್ಯಾಗ್‌ನಿಂದ ಇದು ಗೊತ್ತಾಯಿತು. ನಮ್ಮಲ್ಲಿಗೆ ಬರುವ ಹಕ್ಕಿಗಳೆಲ್ಲ ಇಷ್ಟು ದೂರ ಒಂದೇ ಏಟಿಗೆ ಹಾರುವುದಿಲ್ಲ. ಆದರೆ ತಂತ್ರ ಅದೇ.

ಹೊರಡುವ ಮುಂಚಿನ ವಾರಗಳಲ್ಲಿ ಈ ಹಕ್ಕಿಗಳು ಹಗಲು ರಾತ್ರಿ ಎನ್ನದೆ, ನೀರು ಇಳಿದಾಗಲೆಲ್ಲ ತಿನ್ನುತ್ತವೆ. ಮರಳಿನ ಹುಳ, ಸಣ್ಣ ಏಡಿ, ಚಿಪ್ಪಿನ ಜೀವಿ, ಸಿಕ್ಕಿದ್ದೆಲ್ಲ. ದೂರದ ಹಾರಾಟದ ಕೆಲವು ಜಾತಿಗಳ ತೂಕ ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತದೆ. ಇನ್ನೂ ಸೋಜಿಗದ ಮಾತೆಂದರೆ, ಗ್ರೇಟ್ ನಾಟ್, ಗಾಡ್ವಿಟ್‌ನಂಥ ಹಕ್ಕಿಗಳು ಹಾರುವ ಹೊತ್ತಿಗೆ ತಮ್ಮ ಜಠರ, ಕರುಳುಗಳನ್ನೇ ಕುಗ್ಗಿಸಿಕೊಳ್ಳುತ್ತವೆ. ದಾರಿಯಲ್ಲಿ ಊಟ ಇಲ್ಲದ ಮೇಲೆ ಅಡುಗೆ ಪಾತ್ರೆ ಹೊರುವುದೇಕೆ ಎಂಬ ಲೆಕ್ಕ!

ಈ ಬಂಕ್ ಮುಚ್ಚಿದರೆ ಏನಾಗುತ್ತದೆ? ದಕ್ಷಿಣ ಕೊರಿಯಾದ ಸೇಮಾಂಗಮ್ ಎಂಬಲ್ಲಿ ಗ್ರೇಟ್ ನಾಟ್‌ಗಳು ಸಾವಿರಗಟ್ಟಲೆ ಇಳಿಯುತ್ತಿದ್ದ ಕೆಸರು ಬಯಲಿತ್ತು. ಅಲ್ಲಿ ಭೂಮಿ ಮಾಡಿಕೊಳ್ಳಲು 33 ಕಿಲೋಮೀಟರ್ ಉದ್ದದ ಕಡಲ ಗೋಡೆ ಕಟ್ಟಿ 2006ರಲ್ಲಿ ನೀರನ್ನು ತಡೆದರು. ಆ ಹಕ್ಕಿಗಳು ಪಕ್ಕದ ಇನ್ನೊಂದು ಬಯಲಿಗೆ ಹೋಗಿ ಬದುಕಿಕೊಳ್ಳಬಹುದು ಎಂಬ ನಿರೀಕ್ಷೆ ಸುಳ್ಳಾಯಿತು. ಚಳಿಗಾಲಕ್ಕೆ ಅವು ಹೋಗುವ ಆಸ್ಟ್ರೇಲಿಯಾದಲ್ಲೂ ಸಂಖ್ಯೆ ಇಳಿಯಿತು. ಗ್ರೇಟ್ ನಾಟ್ ಇವತ್ತು ಅಳಿವಿನಂಚಿನ ಜಾತಿ. ದಾರಿಯ ನಡುವಿನ ಒಂದು ತಂಗುದಾಣ ಹೋದರೂ ಸಾಕು, ಎರಡೂ ತುದಿಯಲ್ಲಿ ಅದರ ಏಟು ಕಾಣಿಸುತ್ತದೆ.

ನಮ್ಮ ಅಳಿವೆಗಳಲ್ಲಿ ಅಂಥ ಗೋಡೆ ಎದ್ದಿಲ್ಲ ನಿಜ. ಆದರೆ ಇನ್ನೊಂದು ರೀತಿಯ ತೊಂದರೆ ಪ್ರತಿ ಭಾನುವಾರ ನಡೆಯುತ್ತದೆ, ಅದಕ್ಕೆ ಯಾವ ಯೋಜನೆಯೂ ಬೇಕಾಗಿಲ್ಲ.

ನೀರು ಏರಿದಾಗ ತಿನ್ನುವ ಜಾಗ ಮುಳುಗುತ್ತದೆ. ಆಗ ಹಕ್ಕಿಗಳೆಲ್ಲ ಮೇಲಿನ ಒಣ ಮರಳಿಗೆ ಬಂದು, ಒಂಟಿ ಕಾಲಲ್ಲಿ ನಿಂತು, ಕೊಕ್ಕನ್ನು ಬೆನ್ನ ಗರಿಯೊಳಗೆ ಸಿಕ್ಕಿಸಿ ನಿದ್ದೆ ಮಾಡುತ್ತವೆ. ಆ ಗುಂಪಿನ ಕಡೆಗೆ ಒಬ್ಬ ಓಡುತ್ತಾನೆ, ಇನ್ನೊಬ್ಬ ಫೋನ್ ಹಿಡಿದು ಸ್ಲೋ ಮೋಷನ್‌ನಲ್ಲಿ ರೀಲ್ ಮಾಡುತ್ತಾನೆ. ನೂರಾರು ಹಕ್ಕಿಗಳು ಒಟ್ಟಿಗೆ ಏಳುವ ದೃಶ್ಯ ಚಂದ, ಲೈಕ್ಸ್ ಕೂಡ ಬರುತ್ತವೆ. ಹಕ್ಕಿಗೆ ಮಾತ್ರ ಅದು ಉರಿದುಹೋದ ಇಂಧನ. ಅರ್ಧ ಗಂಟೆಯಲ್ಲಿ ಇನ್ನೊಂದು ಗುಂಪು ಬರುತ್ತದೆ, ಆಮೇಲೆ ಒಂದು ನಾಯಿ, ಆಮೇಲೆ ಒಂದು ಡ್ರೋನ್. ಬೆಳಿಗ್ಗೆಯಿಂದ ಸೇರಿಸಿಟ್ಟ ಕೊಬ್ಬು ಹೀಗೇ ಖರ್ಚಾಗುತ್ತಾ ಹೋಗುತ್ತದೆ.

ಮೀನು ಹಿಡಿಯುವವರಿಂದ ತೊಂದರೆ ಅಂತ ಕೆಲವರು ಹೇಳುವುದುಂಟು. ದಿನಾ ಅದೇ ದಾರಿಯಲ್ಲಿ, ಅದೇ ವೇಗದಲ್ಲಿ ಹೋಗುವ ದೋಣಿಗೆ ಹಕ್ಕಿಗಳು ಹೊಂದಿಕೊಂಡಿರುತ್ತವೆ. ಬೆದರಿಸುವುದು ನೇರವಾಗಿ ತಮ್ಮತ್ತಲೇ ನುಗ್ಗಿ ಬರುವ ಮನುಷ್ಯ.

ಎಲ್ಲಿ, ಯಾವಾಗ?

ರಜೆ ಹಾಕಬೇಕಿಲ್ಲ. ಬೆಳಿಗ್ಗೆ ಆರೂವರೆಗೆ ಹೊರಟರೆ ಒಂಬತ್ತೂವರೆಗೆ ಲಾಗಿನ್ ಆಗಬಹುದು.

*ತಣ್ಣೀರುಬಾವಿ, ಬೆಂಗ್ರೆ:* ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿ ನದಿ ದಾಟಿದರೆ ತಣ್ಣೀರುಬಾವಿ. ಒಂದು ಕಡೆ ನದಿ, ಇನ್ನೊಂದು ಕಡೆ ಸಮುದ್ರ. ದಕ್ಷಿಣಕ್ಕೆ ಬೆಂಗ್ರೆಯ ತುದಿಯಲ್ಲಿ ಅಳಿವೆ ಬಾಗಿಲು. ಗಲ್‌ಗಳು, ರೀವ ಹಕ್ಕಿಗಳು, ಪ್ಲವರ್‌ಗಳನ್ನು ಇಲ್ಲಿ ಹುಡುಕಿ.

*ಹಳೇ ಬಂದರಿನ ಧಕ್ಕೆ:* ಮೀನಿನ ವಾಸನೆ ತಡೆದುಕೊಳ್ಳುವವರಿಗೆ ಗಲ್ ಕಲಿಯಲು ಇದಕ್ಕಿಂತ ಒಳ್ಳೆ ಶಾಲೆ ಇಲ್ಲ. ಗರುಡ, ಹದ್ದು, ಕಾಗೆ, ಬೆಳ್ಳಕ್ಕಿಗಳ ಜೊತೆಗೆ ಕಂದು ತಲೆಯ ಗಲ್‌ಗಳು. ಲಡಾಖ್ ಟ್ರಿಪ್‌ನಲ್ಲಿ ಪ್ಯಾಂಗಾಂಗ್ ಸರೋವರದ ಫೋಟೋ ತೆಗೆದವರಿದ್ದರೆ ಗ್ಯಾಲರಿ ನೋಡಿ. ಅಲ್ಲಿ ಬೇಸಿಗೆ ಕಳೆಯುವ ಜಾತಿಯೇ ಇದು.

*ಸಸಿಹಿತ್ಲು:* ಮೂಲ್ಕಿ ಹತ್ತಿರ ನಂದಿನಿ ಮತ್ತು ಶಾಂಭವಿ ನದಿಗಳು ಸಮುದ್ರ ಸೇರುವ ಜಾಗ. ಸರ್ಫಿಂಗ್‌ಗೆ ಹೆಸರಾದ ತೀರ. ಅಳಿವೆಯ ಕಡೆಯ ಮರಳಿನಲ್ಲಿ ನಿಧಾನಕ್ಕೆ ಕಣ್ಣಾಡಿಸಿ.

ವೀಕೆಂಡ್‌ನಲ್ಲಿ ದೂರ ಹೋಗುವವರಿಗೆ ಕುಮಟಾದ ಅಘನಾಶಿನಿ ಅಳಿವೆ ಇದೆ. 2024ರಲ್ಲಿ ಅದಕ್ಕೆ ರಾಮ್ಸಾರ್ ತಾಣದ ಮನ್ನಣೆ ಸಿಕ್ಕಿದೆ.

ಹೊರಡುವ ಮುಂಚೆ ಫೋನಿನಲ್ಲಿ ಉಬ್ಬರ-ಇಳಿತದ ಸಮಯ ನೋಡಿಕೊಳ್ಳಿ. ನೀರು ಇಳಿದಾಗ ಹಕ್ಕಿಗಳು ಚದುರಿ ತಿನ್ನುತ್ತಿರುತ್ತವೆ. ಏರಿದಾಗ ಒಟ್ಟಿಗೆ ನಿಂತಿರುತ್ತವೆ, ದೂರದಿಂದ ಎಣಿಸಲು ಸುಲಭ. ನಮ್ಮದು ಪಶ್ಚಿಮ ಕರಾವಳಿ, ಹಾಗಾಗಿ ಬೆಳಿಗ್ಗೆ ಸಮುದ್ರದ ಕಡೆ ನೋಡುವಾಗ ಸೂರ್ಯ ಬೆನ್ನ ಹಿಂದೆ ಇರುತ್ತಾನೆ. ಬಣ್ಣ ಚೆನ್ನಾಗಿ ಕಾಣುತ್ತದೆ. ಸಂಜೆ ಹೋದರೆ ಎಲ್ಲವೂ ಕಪ್ಪು ನೆರಳು. ಸೂರ್ಯಾಸ್ತ ಪ್ರೇಮಿಗಳಿಗೆ ಬೇಜಾರಾಗಬಹುದು, ಏನು ಮಾಡೋದು!

ಬೈನಾಕ್ಯುಲರ್ ಇಲ್ವಾ? ಮೊದಲ ದಿನ ಇಲ್ಲದಿದ್ದರೂ ನಡೆಯುತ್ತದೆ. ಆದರೆ ಎರಡನೇ ಸಲ ಯಾರ ಹತ್ತಿರವಾದರೂ ಕೇಳಿ ತನ್ನಿ. ಜೊತೆಗೆ ದಡದಲ್ಲಿ ಬಲೆ ಹೆಣೆಯುವವರ ಹತ್ತಿರ ನಾಲ್ಕು ಮಾತಾಡಿ. ರೀವ ಹಕ್ಕಿ ಎಲ್ಲಿ ಮುಗಿಬಿದ್ದು ಧುಮುಕುತ್ತದೋ ಅಲ್ಲಿ ಮೀನಿನ ಹಿಂಡು ಇದೆ ಎಂಬುದು ಅವರಿಗೆ ಯಾವ ಆ್ಯಪ್ ಇಲ್ಲದೆಯೂ ಗೊತ್ತು.

ಅಪರೂಪದ್ದು ಕಂಡರೆ ಏನು ಮಾಡ್ಬೇಕು?

ಮೊದಲು, ಇದ್ದಲ್ಲೇ ನಿಲ್ಲಿ. ಹಕ್ಕಿ ತಿನ್ನುವುದನ್ನು ಬಿಟ್ಟು ತಲೆ ಎತ್ತಿ ನಿಮ್ಮನ್ನೇ ನೋಡುತ್ತಿದ್ದರೆ ನೀವು ಆಗಲೇ ಹತ್ತಿರ ಬಂದಿದ್ದೀರಿ ಎಂದರ್ಥ. ಎರಡು ಹೆಜ್ಜೆ ಹಿಂದೆ ಹೋಗಿ, ಮರಳಲ್ಲಿ ಕೂತುಬಿಡಿ. ಸುಮ್ಮನೆ ಕೂತವರ ಹತ್ತಿರಕ್ಕೆ ಹಕ್ಕಿಗಳು ತಾವಾಗಿಯೇ ಬರುವುದುಂಟು.

ಆಮೇಲೆ ಗಮನಿಸಿ. ಪಕ್ಕದ ಹಕ್ಕಿಗಿಂತ ದೊಡ್ಡದೋ ಸಣ್ಣದೋ? ಕೊಕ್ಕು ನೇರವೋ, ಕೆಳಗೆ ಬಾಗಿದೆಯೋ, ಮೇಲಕ್ಕೆ ಬಾಗಿದೆಯೋ? ಕಾಲಿನ ಬಣ್ಣ? ಹಾರಿದರೆ ರೆಕ್ಕೆಯಲ್ಲಿ, ಬೆನ್ನಿನಲ್ಲಿ ಬಿಳಿ ಎಲ್ಲಿದೆ? ಮಸುಕಾದರೂ ಸರಿ, ಒಂದು ಫೋಟೋ ಇರಲಿ. ಗುರುತಿಸಲು ಮರ್ಲಿನ್ ಎಂಬ ಉಚಿತ ಆ್ಯಪ್ ಸಹಾಯ ಮಾಡುತ್ತದೆ. ಆದರೆ ತೀರದ ಹಕ್ಕಿಗಳ ವಿಷಯದಲ್ಲಿ ಅದು ಹೇಳಿದ್ದೇ ಕೊನೆ ಮಾತು ಅಂದುಕೊಳ್ಳಬೇಡಿ. ಅನುಭವಿಗಳಿಗೆ ಒಮ್ಮೆ ತೋರಿಸಿ.

ಕಾಲಿನಲ್ಲಿ ಬಣ್ಣದ ಪಟ್ಟಿ ಅಥವಾ ಉಂಗುರ ಇದ್ದರೆ ನಿಮ್ಮ ಅದೃಷ್ಟ. ಯಾವ ಕಾಲು, ಯಾವ ಬಣ್ಣ ಮೇಲೆ, ಯಾವುದು ಕೆಳಗೆ, ಅಕ್ಷರ ಇದೆಯೇ ಎಂದು ಬರೆದುಕೊಂಡು ಮುಂಬೈನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಬಹುದು. ಆ ಹಕ್ಕಿಯನ್ನು ಯಾವ ದೇಶದಲ್ಲಿ, ಯಾವಾಗ ಹಿಡಿದು ಬಿಟ್ಟಿದ್ದರು ಎಂಬುದು ಹೀಗೆ ಪತ್ತೆಯಾಗುತ್ತದೆ.

ಕಡೆಗೆ, ಇ-ಬರ್ಡ್‌ನಲ್ಲಿ ದಾಖಲಿಸಿ. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಸಂಸ್ಥೆ 2002ರಲ್ಲಿ ಆರಂಭಿಸಿದ ಈ ವೇದಿಕೆಯಲ್ಲಿ ಆ ಜಾಗಕ್ಕೆ ಅಪರೂಪದ ಹಕ್ಕಿಯನ್ನು ಸೇರಿಸಿದರೆ, ವಿವರ ಕೊಡಿ ಎಂದು ಅದೇ ಕೇಳುತ್ತದೆ. ಸ್ಥಳೀಯ ಸ್ವಯಂಸೇವಕರೊಬ್ಬರು ಅದನ್ನು ಪರಿಶೀಲಿಸುತ್ತಾರೆ. ಕೆಲವೊಮ್ಮೆ ನಿಮಗೆ ಪ್ರಶ್ನೆಯೂ ಬರಬಹುದು. ಬೇಸರ ಮಾಡ್ಕೋಬೇಡಿ, ಅದು ಅನುಮಾನ ಅಲ್ಲ, ಪದ್ಧತಿ. ಅಪರೂಪದ ಒಂದನ್ನು ಮಾತ್ರ ಹಾಕಿ ಸುಮ್ಮನಾಗಬೇಡಿ. ಕಂಡ ಎಲ್ಲ ಜಾತಿಗಳನ್ನೂ, ಆದಷ್ಟು ಸಂಖ್ಯೆಯ ಸಮೇತ ಸೇರಿಸಿ. ಅರವತ್ತು ಸ್ಯಾಂಡ್ ಪ್ಲವರ್, ಮೂರು ಗ್ರೇ ಪ್ಲವರ್, ಒಂದು ಕರ್ಲ್ಯೂ. ಹತ್ತು ವರ್ಷದ ನಂತರ ಯಾರಾದರೂ ಇವು ಹೆಚ್ಚಿದವೇ, ಕಡಿಮೆಯಾದವೇ ಎಂದು ಹುಡುಕಿದಾಗ ಕೆಲಸಕ್ಕೆ ಬರುವುದು ಈ ಬೋರಿಂಗ್ ಅಂಕಿಗಳೇ.

ಲೊಕೇಶನ್ ಹಂಚುವ ಬಗ್ಗೆ ಒಂದು ಕಿವಿಮಾತು. ಗ್ರೂಪಿಗೆ ಹಾಕುವ ಮುಂಚೆ ಆ ಜಾಗ ಎಷ್ಟು ಜನರನ್ನು ತಾಳಿಕೊಳ್ಳುತ್ತದೆ ಎಂದು ಯೋಚಿಸಿ. ವಿಶಾಲ ಅಳಿವೆಯಾದರೆ ಪರವಾಗಿಲ್ಲ. ಸಣ್ಣ ದಿಬ್ಬದಲ್ಲಿ ಸುಸ್ತಾಗಿ ಕೂತ ಒಂಟಿ ಹಕ್ಕಿಯಾದರೆ ಎರಡು ದಿನ ತಡೆದು ಹಾಕಿದರೂ ಸುದ್ದಿ ಹಳಸುವುದಿಲ್ಲ. ಇನ್‌ಸ್ಟಾಗ್ರಾಂಗೆ ಕಾಯುವ ತಾಳ್ಮೆ ಇಲ್ಲದಿರಬಹುದು, ನಮಗೆ ಇರಬೇಕು.

ಏಪ್ರಿಲ್ ಕಳೆಯುವಷ್ಟರಲ್ಲಿ ದಿಬ್ಬಗಳು ಹೆಚ್ಚುಕಮ್ಮಿ ಖಾಲಿಯಾಗುತ್ತವೆ. ಮೊದಲ ಸಲ ಹಾರುವ ಕೆಲವು ಎಳೆಯ ಹಕ್ಕಿಗಳು ಮಾತ್ರ ಈ ವರ್ಷ ಊರಿಗೆ ಹೋಗದೆ ಇಲ್ಲೇ ಮಳೆಗಾಲ ಕಳೆಯುತ್ತವೆ. ಉಳಿದವು ಮರಿ ಮಾಡಿ, ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಬಣ್ಣ ಮಾಸಿದ ಉಡುಪಿನಲ್ಲಿ ಮರಳಲು ಶುರುಮಾಡುತ್ತವೆ. ಎಷ್ಟು ಮರಳಿದವು ಎಂದು ಗೊತ್ತಾಗಬೇಕಾದರೆ ಎಷ್ಟು ಹೊರಟವು ಎಂಬ ಲೆಕ್ಕ ನಮ್ಮ ಹತ್ತಿರ ಇರಬೇಕು.

ಈ ಶನಿವಾರ ಅಲಾರಂ ಅರ್ಧ ಗಂಟೆ ಮುಂಚೆ ಇಡಿ. ಉಳ್ಳಾಲವೋ, ಸುರತ್ಕಲ್ಲೋ, ಮಲ್ಪೆಯೋ, ಕಾರವಾರವೋ, ನಿಮ್ಮ ಮನೆಗೆ ಹತ್ತಿರದ ತೀರಕ್ಕೆ ಹೋಗಿ ಬನ್ನಿ. ಏನೇನು ಕಂಡಿತು, ಎಷ್ಟು ಕಂಡಿತು ಎಂದು ಓದುಗರ ಅಂಕಣಕ್ಕೆ ನಾಲ್ಕು ಸಾಲು ಬರೆಯಿರಿ. "ಬರೀ ಪ್ಲವರ್" ಆದರೂ ಅಡ್ಡಿಯಿಲ್ಲ, ಎಣಿಸಿ ಬರೆಯಿರಿ.